ಸಪ್ಪೆ ಕಾಫಿ ಕೊಟ್ಟು ಕಾಪಾಡಿದವರು

ನನಗೆ ಶುಗರ್ ಎಂದು ಗೊತ್ತಾದ ದಿನ ನಮ್ಮ ಯಜಮಾನರು ಅಳಲಿಲ್ಲ, ಬಯ್ಯಲಿಲ್ಲ. ಡಂಗುರ ಹೊಡೆದರು.

ಅದು ತೊಂಬತ್ತೇಳರ ಮಾತು. ನನಗೆ ಮೂವತ್ತೊಂದು. ಎಷ್ಟು ನೀರು ಕುಡಿದರೂ ದಾಹ, ರವಿಕೆಗಳೆಲ್ಲ ಸಡಿಲ. ಕಳಸದ ಡಾಕ್ಟರು ರಿಪೋರ್ಟ್ ನೋಡಿ, ಮಾತ್ರೆ ಸಾಲದು, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದೂ ಹೇಳಿದರು. ನಮ್ಮವರ ಕಿವಿಗೆ ಬಿದ್ದದ್ದು ‘ಸಿಹಿ ಬಿಡಿ’ ಎಂಬ ಒಂದೇ ಮಾತು. ನಮ್ಮೂರು ಸಂಸೆಗೆ ಬಂದವರೇ ಮನೆಮನೆಗೆ ಹೋಗಿ, “ಸುಮಿತ್ರಂಗೆ ಯಾರೂ ಸಿಹಿ ಕೊಡಬ್ಯಾಡಿ, ಅವಳು ಕೇಳಿದ್ರೂ ಕೊಡಬ್ಯಾಡಿ” ಎಂದು ಹೇಳಿಬಂದರು. ಪ್ರೀತಿಯಿಂದಲೇ. ಆ ಪ್ರೀತಿಗಿಷ್ಟು ಬೆಂಕಿ ಹಾಕ!

ಅಂದಿನಿಂದ ಊರಿಗೆ ಊರೇ ನನ್ನ ಡಾಕ್ಟರು. ಮದುವೆಮನೆಯಲ್ಲಿ ಹೋಳಿಗೆ ನನ್ನ ಎಲೆ ದಾಟಿ ಮುಂದೆ ಹೋಗುತ್ತಿತ್ತು. ಒಬ್ಬರು ಹಾಗಲಕಾಯಿ ರಸ ಕುಡಿ ಎಂದರೆ ಇನ್ನೊಬ್ಬರು ಮೆಂತ್ಯ ನೆನೆಸು ಎಂದರು. ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವವಳು ನಾನು, ಯಜಮಾನಿಕೆ ಅವರದು.

ನಮ್ಮಂಥ ಎರಡು ಮೂರು ಎಕರೆಯವರಿಗೆ ಕಾಫಿ ಕೊಯ್ಲಿಗೆ ಮುಯ್ಯಾಳೇ ಗತಿ. ಇವತ್ತು ನಾವು ಅವರ ತೋಟಕ್ಕೆ, ನಾಳೆ ಅವರು ನಮ್ಮ ತೋಟಕ್ಕೆ. ಯಾರ ತೋಟವೋ ಆ ಮನೆಯದೇ ಊಟ, ಕಾಫಿ. ನಾವು ಬುತ್ತಿ ಕಟ್ಟಿಕೊಂಡು ಹೋದರೆ ಅವರಿಗೆ ಅವಮಾನ. ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ನಾನೂ ಆ ಪದ್ಧತಿ ಮೀರದೆ ಬರಿಗೈಲಿ ಹೋದೆ. ಅಷ್ಟು ಮಟ್ಟಿಗೆ ತಪ್ಪು ನನ್ನದೂ ಇದೆ.

ಆವತ್ತು ಪಕ್ಕದ ಮನೆಯ ಲಲಿತಕ್ಕನ ತೋಟ. “ಈ ಸಾಲು ಮುಗಿಸಿಯೇ ಉಣ್ಣನ” ಎಂದರು. ಸಾಲು ಮುಗಿಯಲಿಲ್ಲ. ಒಂದೂವರೆಗೆ ನನ್ನ ಕೈ ನಡುಗತೊಡಗಿತು. ಕಿತ್ತ ಹಣ್ಣು ಬುಟ್ಟಿಗೆ ಬೀಳದೆ ನೆಲಕ್ಕೆ ಬಿತ್ತು. ಜನವರಿಯ ಚಳಿಯಲ್ಲಿ ಬೆನ್ನೆಲ್ಲ ಬೆವರು. ಅಷ್ಟರಲ್ಲಿ ಲಲಿತಕ್ಕ ಕಾಫಿ ತಂದರು.

“ಲಲಿತಕ್ಕ, ನಂಗೆ ಬೆಲ್ಲದ ಕಾಫಿ ಕೊಡಿ. ಬೇಗ.”

“ನಿಂಗೆ ಸಪ್ಪೆದು ಬೇರೆ ತಂದಿದೀನಿ ಮಾರಾಯ್ತಿ.”

“ಸಪ್ಪೆ ಬ್ಯಾಡ. ಶುಗರ್ ಇಳೀತಿದೆ.”

“ಇಳಿದ್ರೆ ಒಳ್ಳೇದೇ ಅಲ್ವನೇ?”

ಎಲ್ಲರೂ ನಕ್ಕರು. ನಾನು ಬೆಲ್ಲದ ಕಾಫಿಯ ಲೋಟಕ್ಕೆ ಕೈ ಹಾಕಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. “ನಿಮ್ಮನೆಯವ್ರು ಹೇಳಿದಾರೆ, ಕೇಳಿದ್ರೂ ಕೊಡಬ್ಯಾಡಿ ಅಂತ.”

ಬಿದ್ದೆ.

ಮುಂದಿನದು ಬೇರೆಯವರು ಹೇಳಿದ್ದು. ಹಣ್ಣಿನ ಮೂಟೆ ಒಯ್ಯಲು ಜೀಪು ತಂದಿದ್ದ ಹಮೀದ್ ನನ್ನನ್ನು ನೋಡಿ ಓಡಿಬಂದನಂತೆ. ಅವನ ತಾಯಿಯೂ ಇನ್ಸುಲಿನ್ ತಗೊಳ್ಳುವವರು. “ಬೆಲ್ಲ ತನ್ನಿ ಮೊದ್ಲು! ಅಕ್ಕನ ಜೀವ ಹೋಗ್ತದೆ!” ಎಂದು ಕೂಗಿ, ಬೆಲ್ಲ ಪುಡಿ ಮಾಡಿ ನನ್ನ ಕೆನ್ನೆಯ ಒಳಗೆ ತಿಕ್ಕಿದನಂತೆ. ಆಮೇಲೆ ಕಳಸದ ಆಸ್ಪತ್ರೆ, ಗ್ಲೂಕೋಸ್ ಡ್ರಿಪ್.

ಕಣ್ಣು ಬಿಟ್ಟಾಗ ಪಕ್ಕದಲ್ಲಿ ಲಲಿತಕ್ಕ. “ಕದ್ದು ಏನಾದ್ರೂ ಸಿಹಿ ತಿಂದಿದ್ಯೇನೇ?”

ಮೈಯಲ್ಲಿ ಶಕ್ತಿ ಇರಲಿಲ್ಲ. ಇದ್ದಿದ್ದರೆ ಕಚ್ಚಿಬಿಡುತ್ತಿದ್ದೆ.

ಡಾಕ್ಟರು ನಮ್ಮವರನ್ನು ಕೂರಿಸಿಕೊಂಡು, ಶುಗರ್ ಏರುವುದು ನಿಧಾನಕ್ಕೆ ಕೊಲ್ಲುತ್ತದೆ, ಇಳಿಯುವುದು ಅವತ್ತೇ ಕೊಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ನಾನು ಹೇಳಿದೆ: “ಹೆಂಗೆ ಮನೆಮನೆಗೆ ಹೋಗಿ ಸಾರಿದ್ರೋ, ಹಂಗೇ ಹೋಗಿ ಇದನ್ನೂ ಸಾರಿ ಬನ್ನಿ. ನಡುಗಿದ್ರೆ ಸಿಹಿ ಕೊಡಿ ಅಂತ.”

“ಆವತ್ತು ಬ್ಯಾಡ ಅಂದು ಇವತ್ತು ಕೊಡಿ ಅಂದ್ರೆ ಜನ ಏನಂತಾರೆ?”

“ಹೆಣ ಎತ್ತೋಕೆ ಕರೆಯೋಕಾದ್ರೂ ಹೋಗಬೇಕಿತ್ತಲ್ಲ. ಈಗ್ಲೇ ಹೋಗಿ.”

ಹೋದರು. ಪಾಪ, ತಲೆ ತಗ್ಗಿಸಿಕೊಂಡೇ ಹೋದರು.

ಈಗ ಯಾರ ತೋಟಕ್ಕೆ ಹೋದರೂ ಬುತ್ತಿ ಒಯ್ಯುತ್ತೇನೆ. ಮುಖ ಸಿಂಡರಿಸುವವರು ಸಿಂಡರಿಸಲಿ. ಕಾಯಿಲೆಯ ಜೊತೆ ಹೇಗೋ ಹೊಂದಿಕೊಂಡಿದ್ದೇನೆ. ಸಿಟ್ಟು ಮಾತ್ರ ಪೂರ್ತಿ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ನನಗಿಲ್ಲ.

ಕಳೆದ ಕೊಯ್ಲಿನಲ್ಲಿ, ಎಲ್ಲರೂ ಕೀಳುತ್ತಿದ್ದಾಗ, ಲಲಿತಕ್ಕ ಗಿಡಗಳ ನಡುವೆ ನುಸುಳಿಕೊಂಡು ನನ್ನ ಹತ್ತಿರ ಬಂದರು. ಮೆಲ್ಲಗೆ ಕೇಳಿದರು: “ನಿಂಗೆ ಹೆಂಗನ್ನಿಸ್ತದೆ ಸುಮಿತ್ರಾ? ಈಗ್ಲೇ ಉಣ್ಣನಾ, ಸಾಲು ಮುಗಿಸನಾ? ನೀನು ಹೇಳ್ದಂಗೆ ಮಾಡನ.”

ಇಷ್ಟು ವರ್ಷಗಳಲ್ಲಿ ನನ್ನ ಕಾಯಿಲೆಯ ಬಗ್ಗೆ ನನ್ನನ್ನೇ ಕೇಳಿದ್ದು ಇಡೀ ಊರಿನಲ್ಲಿ ಒಬ್ಬರೇ. ಅದೂ ಆವತ್ತು ನನ್ನನ್ನು ಸಾಯಿಸಿಯೇಬಿಡುತ್ತಿದ್ದ ಲಲಿತಕ್ಕ.