ಹಾಸ್ಟೆಲಿನ ಮೇಲಂತಸ್ತಿಗೆ ನೀರು ಬಂದ ದಿನ

ಮದುವೆಯಾಗಿ ಮೇಲೂರಿಗೆ ಬಂದ ಮೇಲೆ ಹತ್ತು ವರ್ಷ ರೇಷ್ಮೆ ನೂಲು ತೆಗೆದೆ. ಬಿಸಿನೀರಿನಲ್ಲಿ ಬೆರಳುಗಳು ಬೆಂದು ಸಾಕಾಗಿತ್ತು. ಮೂವತ್ತೆರಡನೆಯ ವಯಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಪ್ಲಂಬರ್ ತರಬೇತಿಗೆ ಸೇರಿಕೊಂಡೆ. ನೆಂಟರೆಲ್ಲ ನಕ್ಕರು. ಅತ್ತೆ ಮಾತ್ರ, "ಹೋಗಮ್ಮ, ಕಲ್ತ್ಕೋ. ಎಮ್ಮೆ ನಾನ್ ನೋಡ್ಕೊಂತೀನಿ" ಅಂದರು.

ನಕ್ಷೆ ಓದುವುದು, ಪೈಪಿನ ಇಳಿಜಾರು, ನೀರಿನ ಒತ್ತಡ, ಎಲ್ಲ ಕಲಿತೆ. ಕೊನೆಯ ಪರೀಕ್ಷೆಯಲ್ಲಿ ನಾನು ಜೋಡಿಸಿದ ಲೈನಿನಿಂದ ಒಂದು ಹನಿಯೂ ಸೋರಲಿಲ್ಲ. ಸರ್ಟಿಫಿಕೇಟ್ ಬಂತು. ಕೆಲಸ ಮಾತ್ರ ಬರಲಿಲ್ಲ. ಫೋನಿನಲ್ಲಿ ಹೆಂಗಸಿನ ದನಿ ಕೇಳಿದರೆ ಸಾಕು, "ಆಮೇಲೆ ಹೇಳ್ತೀವಮ್ಮ" ಅನ್ನುತ್ತಿದ್ದರು.

ಆರು ತಿಂಗಳ ಮೇಲೆ ಚಿಂತಾಮಣಿಯ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಕರೆ ಬಂತು. ಹೊಸದಾಗಿ ಕಟ್ಟಿದ ಮೇಲಂತಸ್ತಿನ ನಲ್ಲಿಗಳಲ್ಲಿ ನೀರಿಲ್ಲ. ಹುಡುಗಿಯರು ಹದಿನೈದು ದಿನದಿಂದ ಕೆಳಗಿನಿಂದ ಬಕೆಟ್ ಹೊರುತ್ತಿದ್ದಾರೆ. ಗಂಡಸರನ್ನು ಸ್ನಾನದ ಮನೆಗಳ ಕಡೆ ಬಿಡುವುದು ಕಷ್ಟವೆಂದು ವಾರ್ಡನ್ ನನ್ನನ್ನು ಹುಡುಕಿದ್ದರು. ನಾನು ಹೋದಾಗ ಕಟ್ಟಡದ ಮೇಸ್ತ್ರಿ ಅಲ್ಲೇ ಇದ್ದರು.

"ಗೋಡೆಯೊಳಗೆ ಪೈಪು ಕಟ್ಕೊಂಡೈತೆ. ಟೈಲ್ಸ್ ಒಡೀಲೇಬೇಕು. ನೀನೇನಮ್ಮ ಮಾಡ್ತೀಯ?"

"ಒಂದ್ ಗಂಟೆ ಟೈಮ್ ಕೊಡಿ ಅಣ್ಣಾ. ಆಮೇಲೆ ಒಡೀರಂತೆ," ಅಂದೆ.

ತಾರಸಿಗೆ ಹತ್ತಿ ಟ್ಯಾಂಕಿನಿಂದ ಪೈಪಿನ ಜೊತೆಯಲ್ಲೇ ನಡೆದೆ. ಒಂದು ಕಡೆ ಅಡ್ಡ ಬಂದ ತೊಲೆಯನ್ನು ದಾಟಿಸಲು ಪೈಪನ್ನು ಡುಬ್ಬದಂತೆ ಮೇಲಕ್ಕೆತ್ತಿ ಮತ್ತೆ ಇಳಿಸಿದ್ದರು. ಆ ಡುಬ್ಬದಲ್ಲಿ ಗಾಳಿ ಸೇರಿಕೊಂಡು ನೀರನ್ನು ತಡೆಯುತ್ತಿದೆ ಎನ್ನಿಸಿತು. ತಪ್ಪಾದರೆ ಮತ್ತೆ ಯಾರೂ ಕರೆಯುವುದಿಲ್ಲ. ಅಲ್ಲಿದ್ದ ಜೋಡಣೆಯನ್ನು ಪಾನಾದಿಂದ ಸಡಿಲಿಸಿದೆ. ಬುಸ್ಸೆಂದು ಗಾಳಿ ಹೊರಟಿತು, ಹಿಂದೆಯೇ ನೀರು ಚಿಮ್ಮಿ ನನ್ನ ಮುಖವೆಲ್ಲ ನೆನೆಯಿತು. ಜೋಡಣೆಯನ್ನು ಮತ್ತೆ ಬಿಗಿ ಮಾಡಿದೆ.

ಕೆಳಗಿನಿಂದ ಹುಡುಗಿಯರ ಕೂಗು: "ಅಕ್ಕಾ, ಬಂತು! ಎಲ್ಲಾ ನಲ್ಲೀಲೂ ಬಂತು!"

ಗಾಳಿ ಮತ್ತೆ ನಿಲ್ಲದಿರಲಿ ಎಂದು ಆ ಡುಬ್ಬದ ಮೇಲೆ, ಟ್ಯಾಂಕಿಗಿಂತ ಎತ್ತರಕ್ಕೆ, ಬಾಯಿ ತೆರೆದ ಪೈಪೊಂದನ್ನು ನಿಲ್ಲಿಸಿ ಕೆಳಗಿಳಿದೆ. ಒಂದು ಟೈಲ್ಸೂ ಒಡೆದಿರಲಿಲ್ಲ. ಮೇಸ್ತ್ರಿ ತಾವೇ ಮೇಲೆ ಹೋಗಿ ನೋಡಿಕೊಂಡು ಬಂದರು.

"ಎಲ್ಲಿ ಕಲ್ತೆ ತಾಯಿ?"

"ಓದಿ ಪಾಸ್ ಮಾಡಿದೀನಿ ಅಣ್ಣಾ."

ಅವರು, "ಮುರುಗಮಲ್ಲದಾಗೆ ಒಂದು ಸ್ಕೂಲ್ ಕಟ್ತಾ ಇದೀನಿ. ನಾಳೆ ಬಂದು ಲೈನ್ ನೀನೇ ಗುರುತು ಹಾಕ್ಕೊಡಮ್ಮ" ಎಂದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಆ ಶಾಲೆಯ ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ ನಾನು ಗೆರೆ ಎಳೆಯುತ್ತಾ ಹೋದೆ. ನಾಲ್ಕು ಜನ ಗಂಡಸರು ಆ ಗೆರೆಯಂತೆಯೇ ಗೋಡೆ ಕೊರೆದರು.