ಅಕ್ಕನನ್ನು ಕೂರಿಸಿ ಉಣಿಸಲು ಮೆಲ್ಬೋರ್ನ್‌ಗೆ

ಏಪ್ರಿಲ್ ರಜೆಯ ಮೊದಲ ಸೋಮವಾರ, ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನ ನಮ್ಮ ಮನೆಯಿಂದ ಹೊರಟೆವು. ಸ್ಟಿಯರಿಂಗ್ ಹಿಡಿದವನು ನನ್ನ ಗಂಡ ಗಿರೀಶ. ಹಿಂದಿನ ಸೀಟಿನಲ್ಲಿ ಹನ್ನೆರಡು ವರ್ಷದ ಮಗಳು ಅನಿಕಾ, ಅವಳ ಪಕ್ಕದಲ್ಲಿ ನನ್ನ ಅಕ್ಕ ಶಾಂತಕ್ಕ. ಅಕ್ಕ ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗುತ್ತ ಬಂದಿತ್ತು, ಶನಿವಾರ ಅವಳ ವಾಪಸ್ ಫ್ಲೈಟ್. ಮೆಲ್ಬೋರ್ನ್‌ಗೆ ಹೆಚ್ಚುಕಡಿಮೆ ಎಂಟುನೂರ ಎಂಬತ್ತು ಕಿಲೋಮೀಟರ್. "ಫ್ಲೈಟಲ್ಲಿ ಹೋಗಿದ್ರೆ ಇಷ್ಟೊತ್ತಿಗೆ ಅಲ್ಲಿರ್ತಿದ್ವಿ ಕಣೇ" ಎಂದು ಬೆಂಗಳೂರಿನವನಾದ ಗಿರೀಶ ಮೊದಲ ಟೋಲ್ ದಾಟುವ ಮೊದಲೇ ಗೊಣಗಿದ. ಅಕ್ಕ ದೇಶ ನೋಡಲಿ ಎಂದು ನಾನೇ ಹಠ ಹಿಡಿದಿದ್ದೆ. ನನ್ನ ಹಠದ ಮುಂದೆ ನಮ್ಮ ಮನೆಯಲ್ಲಿ ಯಾರದೂ ನಡೆಯುವುದಿಲ್ಲ.

ನಿಜ ಹೇಳಬೇಕೆಂದರೆ ದೇಶ ನೋಡುವುದು ಬರೀ ನೆಪ. ಅಕ್ಕನದು ಹುಬ್ಬಳ್ಳಿಯಲ್ಲಿ ಖಾನಾವಳಿ. ಅವ್ವ ತೀರಿದ ಮೇಲೆ ನನ್ನನ್ನು ಉಣಿಸಿ ಬೆಳೆಸಿದವಳು ಅವಳೇ. ಬೆಳಗಾದರೆ ರೊಟ್ಟಿ ಬಡಿಯಲು ಕೂತವಳು ಮಂದಿಯೆಲ್ಲ ಉಂಡೆದ್ದ ಮೇಲೆ, ಉಳಿದದ್ದನ್ನು ನಿಂತೇ ತಿನ್ನುತ್ತಿದ್ದಳು. ಅವಳನ್ನು ಒಮ್ಮೆಯಾದರೂ ದೊಡ್ಡ ಹೋಟೆಲೊಂದರಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿಗೆ ಕೂರಿಸಿ, ಬೇರೆಯವರು ಬಡಿಸಿ ಅವಳು ಉಣ್ಣುವುದನ್ನು ಕಣ್ತುಂಬ ನೋಡಬೇಕು ಎಂಬುದು ನನ್ನ ಬಹಳ ದಿನಗಳ ಆಸೆ.

ಅಕ್ಕನಿಗೆ ಬೇರೆಯೇ ಆಸೆಯಿತ್ತು. ಬಂದ ದಿನವೇ ಪೆಟ್ಟಿಗೆಯಿಂದ ಜೋಳದ ಹಿಟ್ಟಿನ ದೊಡ್ಡ ಚೀಲ ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿಸಿ, ನೋಡಿ, ಬಿಟ್ಟಿದ್ದರಂತೆ. "ಊರ ಮಂದಿಗೆಲ್ಲಾ ಬಡಿದು ಹಾಕ್ತೀನಿ, ನಿನಗ ಕೈಯಾರೆ ಉಣಿಸಿ ಎಷ್ಟ್ ವರ್ಷ ಆತು ನೋಡು" ಎಂದಿದ್ದಳು. ನಾನು ಚೀಲವನ್ನು ಪ್ಯಾಂಟ್ರಿಯ ಮೇಲಿನ ಹಲಗೆಗೆ ಎತ್ತಿಟ್ಟೆ. "ನೀ ಇಲ್ಲಿ ಒಲಿ ಮುಂದ ನಿಂತರ ನೋಡು ಮತ್ತ! ರೆಸ್ಟ್ ಮಾಡು" ಎಂದೆ. ಆಮೇಲೂ ಅವಳು ಎಷ್ಟೋ ಸಲ ಕೇಳಿದಳು. ಹೊರಡುವ ಹಿಂದಿನ ದಿನ ಕೂಡ "ದಾರಿಗೆ ನಾಕ್ ರೊಟ್ಟಿ ಬಡೀಲೇನು?" ಎಂದಳು. ದಾರಿಯುದ್ದಕ್ಕೂ ಹೋಟೆಲುಗಳಿವೆ, ಸುಮ್ಮನಿರು ಎಂದೆ.

ದಾರಿಯುದ್ದಕ್ಕೂ ಇದ್ದದ್ದು ಪೆಟ್ರೋಲ್ ಬಂಕುಗಳು. ಗುಂಡಗೈ ಎಂಬ ಊರಿನ ಬಳಿ ನಿಲ್ಲಿಸಿದಾಗ ನಾವು ಮೂವರೂ ಮಾಂಸ ತುಂಬಿದ ಬಿಸಿ ಪೈ ತಿಂದೆವು. ಸಸ್ಯಾಹಾರಿ ಅಕ್ಕನಿಗೆ ಸಿಕ್ಕಿದ್ದು ಆಲೂಗಡ್ಡೆ ಚಿಪ್ಸ್ ಮತ್ತು ಒಂದು ಬಾಳೆಹಣ್ಣು. ಹೊರಗೆ ಚಳಿಗಾಳಿ, ಒಣಹುಲ್ಲಿನ ಗುಡ್ಡಗಳು, ಅಲ್ಲಲ್ಲಿ ಕುರಿ. "ಇಷ್ಟ್ ನೆಲ ಐತಿ, ಮಂದೀನ ಇಲ್ಲಲ್ಲ!" ಎಂದು ಅಕ್ಕ ಬೆರಗಾದಳು. ಅನಿಕಾ ನಕ್ಕು, "ದೊಡ್ಡಮ್ಮ, ದೇ ಆಲ್ ಲಿವ್ ಇನ್ ಸಿಡ್ನಿ" ಎಂದಳು. ಅಕ್ಕನ ಕನ್ನಡ, ಇವಳ ಇಂಗ್ಲಿಷ್, ಇಬ್ಬರ ಮಾತಿಗೂ ತಡೆಯೇ ಇರಲಿಲ್ಲ. ಆಲ್ಬರಿ ದಾಟುವಾಗ ಮಗಳು ದೊಡ್ಡಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

ಮೆಲ್ಬೋರ್ನ್ ತಲುಪಿದಾಗ ಸಣ್ಣಗೆ ಮಳೆ. ನಾನು ಅಕ್ಕನಿಗೆಂದೇ ಕಾಯ್ದಿರಿಸಿದ್ದ ಹೋಟೆಲು ನಗರದ ನಡುವೆ, ಟ್ರಾಮ್ ಓಡುವ ಬೀದಿಯಲ್ಲಿ. ಯುರೋಪಿನ ಹಳೆಯ ಹೋಟೆಲುಗಳ ಮಾದರಿಯಲ್ಲಿ ಕಟ್ಟಿದ್ದಂತೆ. ಅಮೃತಶಿಲೆಯ ಮೆಟ್ಟಿಲು, ತೂಗುದೀಪಗಳು, ಕಾಲು ಹೂತುಹೋಗುವಂಥ ಜಮಖಾನೆ. ಉದ್ದ ಕೋಟಿನ ದ್ವಾರಪಾಲಕ ಬ್ಯಾಗಿಗೆ ಕೈ ಚಾಚಿದರೆ ಅಕ್ಕ ಬಿಡಲೊಲ್ಲಳು. "ಪಾಪ, ನನಗಿಂತ ವಯಸ್ಸಾಗೇತಿ ಅವಂಗ" ಎಂದಳು. ಒಂದು ಕ್ಷಣ ಇಬ್ಬರೂ ಬ್ಯಾಗು ಜಗ್ಗಾಡಿದರು, ಕೊನೆಗೆ ಆತನೇ ನಕ್ಕು ಸೋತ. ಕಾರು ನಿಲ್ಲಿಸಲು ರಾತ್ರಿಗೆಷ್ಟು ಎಂದು ಕೇಳಿ ಗಿರೀಶನ ಮುಖ ಇಂಗು ತಿಂದಂತಾಯಿತು. ನಾನು ಯಾವುದನ್ನೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಮಂಗಳವಾರ ಬೆಳಗಿನ ತಿಂಡಿಗೆ ಅಕ್ಕ ಇಳಕಲ್ ಸೀರೆ ಉಟ್ಟು ಬಂದಳು. ನಾನು ಕನಸು ಕಂಡಂತೆಯೇ ಬಿಳಿ ಬಟ್ಟೆಯ ಮೇಜು, ಬೆಳ್ಳಿಯ ಬಣ್ಣದ ಚಮಚಗಳು. ಎತ್ತರದ ಕಿಟಕಿಯಾಚೆ ಹಳದಿಗೆ ತಿರುಗಿದ ಮರಗಳು. ಬಡಿಸುವ ಹುಡುಗಿ ಅಕ್ಕನ ಮಡಿಲಿಗೆ ಕರವಸ್ತ್ರ ಹಾಸಿ, ಚಹಾ ಬಗ್ಗಿಸಿ ಹೋದಳು. ನಾನು ಫೋನು ತೆಗೆದು ಫೋಟೋ ಹಿಡಿದೆ. ಅಷ್ಟಾದ ಮೇಲೆ ಹಣ್ಣು ತರಲು ಎದ್ದು ಹೋದೆ.

ತಿರುಗಿ ಬರುವಷ್ಟರಲ್ಲಿ ಅಕ್ಕ ಕುರ್ಚಿಯಲ್ಲಿರಲಿಲ್ಲ. ಪಕ್ಕದ ಮೇಜಿನಲ್ಲಿ ಮುದುಕಿಯೊಬ್ಬಳು ಒಂಟಿಯಾಗಿ ಕೂತಿದ್ದಳು, ತಟ್ಟೆ ಖಾಲಿಯಾಗಿತ್ತು. ನಮ್ಮ ಅಕ್ಕ ಬ್ರೆಡ್ಡಿನ ಬುಟ್ಟಿ ಹಿಡಿದು ಅವಳ ಬಳಿ ಬಾಗಿ ನಿಂತಿದ್ದಳು. "ಇನ್ನೊಂದು ಹಾಕ್ಲಿ? ತಿನ್ರೀ, ಏನ್ ಆಗೂದಿಲ್ಲ" ಎನ್ನುತ್ತಿದ್ದಳು. ಮುದುಕಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿದಿತ್ತು. "ಓ, ಯು ಆರ್ ಎ ಡಾರ್ಲಿಂಗ್!" ಎಂದು ತಟ್ಟೆ ಮುಂದೆ ಚಾಚಿದಳು. ಅಕ್ಕ ಎರಡು ಹಾಕಿದಳು. ಎರಡು ತಿಂಗಳಲ್ಲಿ ಅವಳ ಮುಖದಲ್ಲಿ ಅಂಥ ಕಳೆಯನ್ನು ನಾನು ನೋಡಿರಲಿಲ್ಲ.

ನನಗೆ ಅದೇನು ಹೊಕ್ಕಿತೋ. ಎಷ್ಟು ಆಸೆಪಟ್ಟು ಕರೆತಂದೆ, ಇವಳು ಇಲ್ಲೂ ಬಡಿಸಲು ನಿಂತಳಲ್ಲ ಎಂದು ಮೈಯೆಲ್ಲ ಉರಿಯಿತು. ಸುತ್ತಲಿನವರು ನೋಡುತ್ತಿದ್ದಾರೆಂಬ ನಾಚಿಕೆಯೂ ಇತ್ತು, ಅದನ್ನೇಕೆ ಮುಚ್ಚಿಡಲಿ. "ಅಕ್ಕಾ, ಬಂದು ಕುಂದ್ರು! ಇದು ನಿನ್ನ ಖಾನಾವಳಿ ಅಲ್ಲ" ಎಂದು ಗದರಿದೆ.

ಅಷ್ಟು ದೊಡ್ಡ ಹಾಲಿನಲ್ಲಿ ಆ ಮಾತು ತಿಳಿದದ್ದು ನಮ್ಮ ಮೇಜಿನವರಿಗೆ ಮಾತ್ರ. ಅಕ್ಕ ಬುಟ್ಟಿ ಇಟ್ಟು ಬಂದು ಕೂತಳು. ಕೈಗಳೆರಡನ್ನೂ ಕರವಸ್ತ್ರದ ಕೆಳಗೆ ಇಟ್ಟುಕೊಂಡಳು. "ಅಮ್ಮಾ, ದಟ್ ವಾಸ್ ರೂಡ್" ಎಂದಳು ಅನಿಕಾ. ಗಿರೀಶ ಮೊಟ್ಟೆಯ ಕಡೆ ನೋಡುತ್ತ ಕೂತ. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. "ತಿನ್ನು, ಆರ್ತದ" ಎಂದೆ ಅಷ್ಟೇ.

ಆಮೇಲೆ ಅಕ್ಕ ನಾನು ಹೇಳಿದಂತೆಲ್ಲ ಕೂತಳು. ಟ್ರಾಮಿನಲ್ಲಿ ಕೂತಳು, ನಗರದೊಳಗೆ ಅದು ಪುಕ್ಕಟೆ. ಯಾರಾ ನದಿಯ ದೋಣಿಯಲ್ಲಿ ಕೂತಳು. ಒಂದೇ ಮಧ್ಯಾಹ್ನ ಬಿಸಿಲು, ಆಲಿಕಲ್ಲು, ಮತ್ತೆ ಬಿಸಿಲು ಬಂತು. ಏನು ಕೇಳಿದರೂ "ಛಲೋ ಐತಿ" ಎಂದಳು. ಬುಧವಾರ ದೊಡ್ಡ ಮಾರ್ಕೆಟಿನಲ್ಲಿ ಮಾತ್ರ ಅವಳ ಕಾಲು ತಾನಾಗಿ ನಿಂತಿತು. ಎದುರಿಗೆ ಗುಂಡನೆಯ ಎಳೆ ಬದನೆಕಾಯಿ. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿ, ನನ್ನ ಮುಖ ನೋಡದೆ ಕೇಳಿದಳು.

"ಒಂದ್ ಕಿಲೋ ತಗೊಳ್ಳೂಣೇನು? ಶುಕ್ರವಾರ ಎಣ್ಣಿಗಾಯಿ ಮಾಡಿ ನಾಕ್ ರೊಟ್ಟಿ ಬಡೀತೀನಿ."

"ಶುಕ್ರವಾರ ಪ್ಯಾಕಿಂಗ್ ಐತಿ ಅಕ್ಕಾ. ರಾತ್ರಿ ಫ್ರೆಂಡ್ಸ್ ಮನಿ ಊಟ. ನಿನಗ ಯಾಕ ತ್ರಾಸ?"

"ಹಂಗಾರ ಬ್ಯಾಡ ಬಿಡು" ಎಂದು ಬದನೆಕಾಯಿಯನ್ನು ತನ್ನ ಜಾಗದಲ್ಲೇ ಇಟ್ಟಳು. ಮತ್ತೆ ಕೇಳಲಿಲ್ಲ. ಗುರುವಾರ ಅದೇ ದಾರಿಯಲ್ಲಿ ಮರಳಿದೆವು. ಶನಿವಾರ ಬೆಳಿಗ್ಗೆ ಏರ್‌ಪೋರ್ಟಿನಲ್ಲಿ ನನ್ನ ಗಲ್ಲ ಹಿಡಿದು, "ಭಾಳ ಖರ್ಚ್ ಮಾಡಿದಿ ನನ್ನ ಸಲುವಾಗಿ. ಸೊರಗಿ ಹೋಗೀದಿ, ಹೊಟ್ಟಿ ತುಂಬ ಉಣ್ಣು" ಎಂದು ಒಳಗೆ ಹೋದಳು.

ಭಾನುವಾರ ಸಂಜೆ ಪ್ಯಾಂಟ್ರಿಯ ಮೇಲಿನ ಹಲಗೆಯಿಂದ ಚೀಲ ಇಳಿಸಿದೆ. ಏರ್‌ಪೋರ್ಟಿನಲ್ಲಿ ಅಕ್ಕ ಮತ್ತೆ ಕಟ್ಟಿದ್ದ ದಾರವೂ ಬಿಚ್ಚಿರಲಿಲ್ಲ. ಬಿಸಿನೀರು ಹಾಕಿ ನಾದಿದೆ, ಬಡಿಯಲು ಕೂತೆ. ಅಂಗೈಯಗಲ ಆಗುವಷ್ಟರಲ್ಲಿ ಅಂಚೆಲ್ಲ ಸೀಳಿತು. ಮತ್ತೆ ನಾದಿದೆ, ಮತ್ತೆ ಸೀಳಿತು. ಹುಬ್ಬಳ್ಳಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಅಕ್ಕ ಆಗಲೇ ಒಲೆಯ ಮುಂದೆ ಕೂತಿದ್ದಳು, ಪ್ರಯಾಣದ ದಣಿವೂ ಆರಿರಲಿಲ್ಲ. ನಾನು ಹಿಟ್ಟನ್ನು ಕ್ಯಾಮೆರಾದ ಮುಂದೆ ಹಿಡಿದೆ.

"ಜಿಗಿ ಹೋಗೇತಿ ತಂಗಿ, ಹಿಟ್ಟಿನಾಗ ಅಂಟು ಉಳದಿಲ್ಲ" ಎಂದಳು. "ಜ್ವಾಳದ ಹಿಟ್ಟು ಎರಡು ತಿಂಗಳು ತಾಳೂದಿಲ್ಲ, ಬಡದ್ರ ಒಡೀತದ. ಚೆಲ್ಲಿಬಿಡು."

"ಅಕ್ಕಾ, ಮತ್ತ ಬಾ. ನಿನ್ನ ಕೈಯಾಗಿನ ರೊಟ್ಟಿ ಬೇಕು ನನಗ" ಎಂದೆ.

ಅಷ್ಟರಲ್ಲಿ ಅಕ್ಕನ ಹಿಂದಿನಿಂದ ಯಾರೋ ಉಣ್ಣುವವರು, "ಅಕ್ಕಾರ, ಇನ್ನೊಂದ್ ರೊಟ್ಟಿ ತರ್ರೀ" ಎಂದು ಕೂಗಿದರು. "ತರ್ತೀನಿ ತಡೀರಿ" ಎಂದು ಅಕ್ಕ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು ಎದ್ದಳು. ಪರದೆಯ ಮೇಲೆ ಬರೀ ಗೋಡೆ ಕಾಣುತ್ತಿತ್ತು. ಗೋಡೆಯಾಚೆಯಿಂದ "ಇನ್ನೊಂದು ಹಾಕ್ಲಿ? ತಿನ್ರೀ, ಏನ್ ಆಗೂದಿಲ್ಲ" ಎಂಬ ಅವಳ ದನಿ ಕೇಳಿಬಂತು. ಸೀಳಿದ ರೊಟ್ಟಿಯ ಮುಂದೆ ಕೂತು ನಾನು ಅದನ್ನೇ ಕೇಳಿಸಿಕೊಂಡೆ.