ಮದ್ದಿನ ಮೈದಾನದ ತಡಿಯಮ್ಮ

ನಮ್ಮತ್ತೆಯನ್ನು ಊರೆಲ್ಲ ತಡಿಯಮ್ಮ ಎಂದೇ ಕರೆಯುತ್ತಿತ್ತು. ಅಪ್ಪನ ಅಕ್ಕ ಅವಳು. ಊರಂಚಿನಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದ ಮದ್ದಿನ ಮೈದಾನಕ್ಕೆ ಅವಳೇ ಕಾವಲು. ಮೈದಾನವೆಂದರೆ ಸಪಾಟು ಬಯಲಲ್ಲ. ಹುಲ್ಲು ಹೊದ್ದ ಸಾಲುದಿಬ್ಬಗಳು, ಒಂದೊಂದು ದಿಬ್ಬದ ಹೊಟ್ಟೆಯಲ್ಲೂ ಒಂದು ಕೋಣೆ. ಹಿಂದೆ ಅಲ್ಲಿ ಸೈನ್ಯದ ಸಿಡಿಮದ್ದು ಇಡುತ್ತಿದ್ದರು. ಒಳಗೆ ಹೋಗುವವರು ಕೀಲಿ, ಚಿಲ್ಲರೆ, ಬೆಲ್ಟು ಎಲ್ಲವನ್ನೂ ಗೇಟಿನಲ್ಲೇ ಬಿಚ್ಚಿಟ್ಟು, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೋಗಬೇಕು. ಎಲ್ಲಿ ಕಿಡಿ ಹಾರೀತೋ ಎಂಬ ಭಯಕ್ಕೆ ಗಂಟೆಯನ್ನೂ ಕಟ್ಟಿರಲಿಲ್ಲ. ಹಾಗಾಗಿ ಸಂಜೆ ಗೇಟು ಮುಚ್ಚುವ ಮುನ್ನ ಕಾವಲಿನವರು ಬಾಯಲ್ಲೇ ಕೂಗಬೇಕು: "ಬೀಗ!" ಒಳಗೆ ಯಾರಾದರೂ ಉಳಿದಿದ್ದರೆ "ತಡಿ" ಎನ್ನಬೇಕು. ತಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ, ಆ ಮನುಷ್ಯ ಕಣ್ಣೆದುರು ಬಂದು ನಿಲ್ಲುವ ತನಕ ಬೀಗ ಹಾಕುವಂತಿಲ್ಲ.

ಮದ್ದನ್ನೆಲ್ಲ ಸಾಗಿಸಿ ದಿಬ್ಬಗಳು ಬರಿದಾದ ಮೇಲೂ ಈ ಕೂಗು ನಿಲ್ಲಲಿಲ್ಲ. ನಿಲ್ಲಿಸಿ ಎಂಬ ಆದೇಶ ರಾಜಧಾನಿಯಿಂದ ಬರಲಿಲ್ಲ, ಅಷ್ಟೆ. ಆಗ ಕಾವಲಿಗಿದ್ದವರು ಅತ್ತೆಯ ಗಂಡ, ನಮ್ಮ ಮಾವ. ಖಾಲಿ ಕೋಣೆಗಳಿಗೆ ದಿನಾ ಕೂಗಿ, ಉತ್ತರಕ್ಕೆ ಕಾದು, ಬೀಗ ಜಡಿದು ಬರುತ್ತಿದ್ದರು. ಸರ್ಕಾರ ತನ್ನ ಗಂಟಲಿಗೆ ಸಂಬಳ ಕೊಡುತ್ತದೆ, ತಲೆಗಲ್ಲ ಎಂದು ನಗುತ್ತಿದ್ದರಂತೆ.

ಒಂದು ಸಂಜೆ ಅವರ ಗಂಟಲು ಕಟ್ಟಿತ್ತು. ಕೂಗಲು ಅತ್ತೆಯನ್ನು ಗೇಟಿನ ಬಳಿ ನಿಲ್ಲಿಸಿ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಒಂದು ಕೋಣೆಯ ಬಾಗಿಲು ಹಾಕಿ ಬರುತ್ತೇನೆಂದು ಒಳಗೆ ಹೋದರು. ಬಾಗಿಲಿನ ಸದ್ದು ನಿಂತಿತು. ಅತ್ತೆ ಕೂಗಿದಳು. ಒಡೆದ ದನಿಯಲ್ಲಿ "ತಡಿ" ಎಂದು ಬಂತು. ಅವಳು ಕಾದಳು. ಕತ್ತಲಾಯಿತು.

ಬೆಳಗಾದ ಮೇಲೆ ಪೊಲೀಸರು ಬಂದರು, ನಾಯಿಯೂ ಬಂತು. ನಾಯಿ ಆ ಕೋಣೆಯವರೆಗೂ ನೆಟ್ಟಗೆ ಹೋಗಿ, ಮುಚ್ಚಿದ ಬಾಗಿಲಿನ ಮುಂದೆ ಮಲಗಿಬಿಟ್ಟಿತು. ತೆಗೆದು ನೋಡಿದರೆ ನಾಲ್ಕು ಗೋಡೆ, ಸಿಮೆಂಟು ನೆಲ. ಬೇಲಿ ಎಲ್ಲೂ ಹರಿದಿರಲಿಲ್ಲ. ಇದ್ದ ಒಂದೇ ಗೇಟಿನಲ್ಲಿ ಅತ್ತೆಯೇ ನಿಂತಿದ್ದಳು. ಯಾರನ್ನೋ ಕಟ್ಟಿಕೊಂಡು ಓಡಿಹೋಗಿರಬೇಕು ಎಂದು ಊರು ಆಡಿಕೊಂಡಿತು. ಅದಕ್ಕೆ ಅತ್ತೆಯದು ಒಂದೇ ಮಾತು: "ಓಡಿಹೋಗೋರು ತಡಿ ಅಂತಾರಾ?"

ಸತ್ತರೆಂದು ಯಾರೂ ಹೇಳದಿದ್ದುದರಿಂದ ಕೆಲಸ ಖಾಲಿಯಾಗಲಿಲ್ಲ. ಅವರು ಬರುವ ತನಕ ಹೆಂಡತಿಯೇ ನೋಡಿಕೊಳ್ಳಲಿ ಎಂದರು ಮೇಲಿನವರು. ಅವಳು ನೋಡಿಕೊಂಡಳು, ನಾನು ಹುಟ್ಟಿ, ಬೆಳೆದು, ಕಾಲೇಜಿನ ಮೆಟ್ಟಿಲು ಹತ್ತುವವರೆಗೂ.

ಗೇಟಿನ ಪಕ್ಕದಲ್ಲೇ ಅವಳ ಒಂಟಿ ಕೋಣೆ. ರಸ್ತೆಯ ಕಡೆಗೆ ಕಿಟಕಿಯಿತ್ತು, ಮೈದಾನದ ಕಡೆಗೆ ಇರಲಿಲ್ಲ. ರಜೆ ಬಂದರೆ ನಾನು ಅಲ್ಲಿಯೇ ಇರುತ್ತಿದ್ದೆ. ಬಿಸಿಲು ಇಳಿಯುತ್ತಲೇ ಅವಳು ರೇಡಿಯೊ ಆರಿಸುತ್ತಿದ್ದಳು, ಮುಖ ತೊಳೆಯುತ್ತಿದ್ದಳು, ತಲೆ ಬಾಚುತ್ತಿದ್ದಳು. ಆಮೇಲೆ ಕೂಗು. ಬಹುಪಾಲು ಸಂಜೆಗಳಲ್ಲಿ ಉತ್ತರಕ್ಕೆ ಹುಲ್ಲಿನ ಸರಸರ ಮಾತ್ರ. ಕೆಲವು ಸಂಜೆ ದನಿ ಬರುತ್ತಿತ್ತು. ಯಾವ ದಿಬ್ಬದಿಂದ ಎಂದು ಬೊಟ್ಟು ಮಾಡಿ ತೋರಿಸಲಾಗದು. ಅದರಲ್ಲಿ ಸಂಕಟವಿರಲಿಲ್ಲ, ಅವಸರವೂ ಇರಲಿಲ್ಲ. ಚಪ್ಪಲಿ ಎಲ್ಲಿ ಬಿಟ್ಟೆನೆಂದು ಹುಡುಕುತ್ತಿರುವವರು ಆಡುವ ಹಾಗೆ, "ತಡಿ." ಅಂಥ ದಿನ ಅತ್ತೆ ಬೀಗ ಮುಟ್ಟುತ್ತಿರಲಿಲ್ಲ. ಸರ್ಕಾರಿ ಗೇಟು ಬೆಳಗಿನವರೆಗೂ ಹಾರುಹೊಡೆದುಕೊಂಡಿರುತ್ತಿತ್ತು.

ಅದು ಪ್ರತಿಧ್ವನಿ ಎಂದು ನಾನೊಮ್ಮೆ ಹೇಳಿದೆ. ಆಗಷ್ಟೇ ವಿಜ್ಞಾನ ಓದಲು ಸೇರಿದ್ದೆ.

"ಬೀಗ ಅಂದ್ರೆ ಬೀಗ ಅಂತ ತಾನೇ ವಾಪಸ್ ಬರಬೇಕು, ಪುಟ್ಟಿ?" ಎಂದಳು.

ಊರಿನಲ್ಲಿ ಮಕ್ಕಳಿಗೆ ಆಡಲು ಅಂಗೈಯಗಲ ಜಾಗವಿರಲಿಲ್ಲ. ನಗರಸಭೆ ಕೇಳಿ ಕೇಳಿ ಸಾಕಾಗಿದ್ದ ಕಾಲಕ್ಕೆ ಕೇಂದ್ರ ಕೊನೆಗೂ ಮೈದಾನವನ್ನು ಬಿಟ್ಟುಕೊಡಲು ಒಪ್ಪಿತು. ಆಟಕ್ಕೆ, ವಾಚನಾಲಯಕ್ಕೆ, ಸಂಜೆಯ ತಿರುಗಾಟಕ್ಕೆ ಬಳಸಬಹುದು. ಮಾರುವಂತಿಲ್ಲ, ಗೇಟು ಹಾಕುವಂತಿಲ್ಲ. ಆದರೆ ಜಾಗ ಬರಿದಾಗಿರಬೇಕು. ಹಳೆಯ ಪದ್ಧತಿಯಂತೆ ಕಾವಲಿನವಳು ಕೊನೆಯ ಬಾರಿ ಕೂಗಿ, ಯಾರೂ ಇಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಆ ಮಾತಿನ ಮೇಲೆ ಕೇಂದ್ರದ ಅಧಿಕಾರಿ ಕೀಲಿಯನ್ನು ನಗರಸಭೆಯ ಕೈಗಿಡುತ್ತಾರೆ.

ಅಧಿಕಾರಿ ಮೊದಲ ಸಲ ಬಂದಾಗ ಅತ್ತೆ ಕೂಗಿದಳು, ಕಿವಿಗೊಟ್ಟಳು, "ಇದ್ದಾರೆ" ಎಂದಳು. ಅವರು ಬಂದ ದಾರಿಗೆ ಸುಂಕವಿಲ್ಲ ಎಂದುಕೊಂಡು ಹಿಂದಿರುಗಿದರು. ಆಮೇಲೆ ಅತ್ತೆ ಅಂಗಡಿಗೆ ಹೋದರೂ ಬೆನ್ನ ಹಿಂದೆ ಮಾತು: ರಾಜಧಾನಿ ಕೊಟ್ಟರೂ ತಡಿಯಮ್ಮ ಕೊಡಳು.

ಎರಡು ವರ್ಷ ಹಾಗೆಯೇ ಕಳೆಯಿತು. ಅಷ್ಟರಲ್ಲಿ ಗೇಟಿನೆದುರಿನ ರಸ್ತೆಯಲ್ಲಿ ಆಡುತ್ತಿದ್ದ ಮಗುವೊಂದರ ಕಾಲ ಮೇಲೆ ಲಾರಿ ಹರಿಯಿತು. ಎದುರು ಮನೆಯ ಟೈಲರಮ್ಮನ ಮೊಮ್ಮಗಳು. ಪಾದ ಉಳಿಯಲಿಲ್ಲ. ಟೈಲರಮ್ಮ ಒಂದು ಮಧ್ಯಾಹ್ನ ಬಂದು, ಬೆರಳಿನ ಅಂಗುಸ್ತಾನವನ್ನೂ ತೆಗೆಯದೆ, ಅತ್ತೆಯ ಮಂಚದ ಅಂಚಿನಲ್ಲಿ ಕುಳಿತಳು. ಬೈಯಲಿಲ್ಲ, ಅಳಲಿಲ್ಲ.

"ನಿಮ್ಮ ಯಜಮಾನರು ಅಲ್ಲಿಲ್ಲ ಅಂತ ನಾನು ಯಾವತ್ತೂ ಅಂದಿಲ್ಲ ಅಕ್ಕಾ," ಎಂದಳು. "ಅವ್ರ ದನಿ ನಮ್ಮನೆಗೂ ಕೇಳ್ಸುತ್ತೆ. ಆದ್ರೆ ಅವ್ರಿಗೆ ಅಷ್ಟೂ ಜಾಗ ಬೇಕಾ?"

ಆ ಸಂಜೆ ಕೂಗಲು ಎದ್ದ ಅತ್ತೆ ಗೇಟಿನ ಸರಳು ಹಿಡಿದು ನಿಂತುಬಿಟ್ಟಳು. ಯಾರೂ ಇಲ್ಲವೆಂದರೆ ತನ್ನ ಬಾಯಿಂದಲೇ ಗಂಡನನ್ನು ಇಲ್ಲವಾಗಿಸಿದಂತೆ. ಇದ್ದಾರೆ ಎಂದರೆ ಮಕ್ಕಳು ರಸ್ತೆಯಲ್ಲೇ. ಅವಳು ಇದನ್ನು ನನಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಎರಡನೆಯ ಸಲ ಅಧಿಕಾರಿಯ ಜೊತೆ ನಗರಸಭೆಯ ಇಂಜಿನಿಯರೂ ಬಂದರು, ಗೇಟು ಕಳಚುವ ಆಳುಗಳೂ ಬಂದರು. ಹೊತ್ತು ಇಳಿಯುತ್ತಿತ್ತು. ಅತ್ತೆ ಮುಖ ತೊಳೆದು, ತಲೆ ಬಾಚಿ ಬಂದು ನಿಂತಳು. ಕೂಗಿದಳು.

ಹುಲ್ಲು ಅಲುಗಲಿಲ್ಲ. ಆಮೇಲೆ, ನಾನು ಹಿಂದೆಂದೂ ಕೇಳದಷ್ಟು ಹತ್ತಿರದಿಂದ, "ತಡಿ" ಎಂದು ಬಂತು.

ಇಂಜಿನಿಯರು ಥಟ್ಟನೆ ತಲೆಯೆತ್ತಿ ದಿಬ್ಬಗಳತ್ತ ನೋಡಿದರು. ಮರುಕ್ಷಣ ತಮ್ಮ ಬೂಟು ನೋಡಿಕೊಂಡರು. ಆಳುಗಳಲ್ಲೊಬ್ಬ ಮೆಲ್ಲಗೆ ನನ್ನ ಬೆನ್ನ ಹಿಂದಕ್ಕೆ ಸರಿದ.

"ಏನಮ್ಮಾ?" ಎಂದರು ಅಧಿಕಾರಿ.

"ಯಾರೂ ಇಲ್ಲ ಸಾರ್," ಎಂದಳು ಅತ್ತೆ.

ಕೀಲಿ ಕೈಬದಲಾಯಿತು. ಆಳುಗಳು ಗೇಟಿನ ಎರಡೂ ರೆಕ್ಕೆಗಳನ್ನು ತಿರುಗಣೆಯಿಂದ ಎತ್ತಿ ಹುಲ್ಲಿನ ಮೇಲೆ ಮಲಗಿಸಿ, ಬೇಗ ಬೇಗ ಹೊರಟುಹೋದರು. ಅತ್ತೆ ಆ ತೆರವಿನಲ್ಲಿ ನಿಂತು ಒಳಗೆ ನೋಡಿದಳು. "ಇನ್ನು ಬೀಗ ಇಲ್ಲ ರೀ," ಎಂದಳು, ಪಕ್ಕದ ಕೋಣೆಯಲ್ಲಿದ್ದವರಿಗೆ ಹೇಳುವಷ್ಟೇ ದನಿಯಲ್ಲಿ. "ನಿಧಾನಕ್ಕೆ ಬನ್ನಿ." ಸ್ವಲ್ಪ ಹೊತ್ತು ನಿಂತಿದ್ದು, ಬಟ್ಟೆಯ ಗಂಟನ್ನು ನನ್ನ ಕೈಗೆ ಕೊಟ್ಟು ಹೊರಟಳು. ಅವಳು ಇನ್ನು ನಮ್ಮ ಮನೆಯಲ್ಲೇ ಇರುವುದೆಂದು ಅಪ್ಪ ಮೊದಲೇ ಹೇಳಿದ್ದ.

ಅತ್ತೆಯದು ಯಾವಾಗಲೂ ದಾಪುಗಾಲು, ಜೊತೆಯವರು ಓಡಬೇಕು. ಅಂದು ನಿಂತು ನಿಂತು ನಡೆದಳು. ರಸ್ತೆಯ ಎಡ ಅಂಚಿಗೆ ಸರಿದು, ತನ್ನ ಬಲಕ್ಕೆ ಒಂದಾಳಿನಷ್ಟು ಜಾಗ ಬಿಟ್ಟು. ಸುಸ್ತಾಗಿರಬೇಕೆಂದು ತೋಳು ಹಿಡಿಯಲು ನಾನು ಆ ಕಡೆಗೆ ಹೋದೆ.

"ನೀನು ಹಿಂದೆ ಬಾ ಪುಟ್ಟಿ," ಎಂದಳು, ತಿರುಗದೆ.

ನಾನು ಹಿಂದೆ ಉಳಿದೆ. ಬೀದಿಯ ದೀಪಗಳು ಇನ್ನೂ ಹೊತ್ತಿರಲಿಲ್ಲ. ರಸ್ತೆ ಅಗೆದಿದ್ದ ಕಡೆ ಬಂದಾಗ ಅತ್ತೆ ಬಲಗೈ ಚಾಚಿ ತಡೆದು, "ನೋಡ್ಕೊಂಡು," ಎಂದಳು. ಮತ್ತೆ ನಡೆದಳು. ನಾನು ಅವಳ ಜಡೆಯ ತುದಿಯೊಂದನ್ನೇ ನೋಡುತ್ತ ಬಂದೆ.

ಮನೆಯಲ್ಲಿ ಅಪ್ಪ ಬಾಗಿಲು ತೆಗೆದ. ಅತ್ತೆ ಒಳಗೆ ಕಾಲಿಡಲಿಲ್ಲ. ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಬೆನ್ನು ಒತ್ತಿ ಪಕ್ಕಕ್ಕೆ ನಿಂತಳು.

"ಮೊದಲು ನೀವು ಹೋಗಿ," ಎಂದಳು.